ಸಿನಿಮಾದ ಲ್ಯಾಬಿನಲ್ಲಿ ಅಷ್ಟೊಂದು ಬಣ್ಣ ಯಾಕೆ?

ಚಿಕ್ಕಮಗಳೂರಿನಲ್ಲಿ ನಾವು ನಾಲ್ಕೈದು ಜನ ಬಿ.ಎಸ್ಸಿ. ಕೆಮಿಸ್ಟ್ರಿಯವರು ಭಾನುವಾರ ಒಟ್ಟಿಗೆ ಓದಲು ಕೂರುತ್ತೇವೆ. ಕಳೆದ ವಾರ ಎದ್ದ ಪ್ರಶ್ನೆ ಇದು: ತೆರೆಯ ಮೇಲೆ ರಸಾಯನ ವಿಜ್ಞಾನಿ ಬಂದ ಅಂದರೆ ಮೇಜಿನ ತುಂಬ ಹಸಿರು, ನೀಲಿ, ನೇರಳೆ ದ್ರವಗಳು, ಮೇಲೆ ಹೊಗೆ. ಯಾಕೆ?

ಹೊಗೆಯ ಗುಟ್ಟು ಸುಲಭ. ಡ್ರೈ ಐಸ್, ಅಂದರೆ ಘನ ಕಾರ್ಬನ್ ಡೈಆಕ್ಸೈಡ್, −78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗದೆ ನೇರವಾಗಿ ಅನಿಲವಾಗುತ್ತದೆ. ಬಣ್ಣದ ನೀರಿಗೆ ಅದನ್ನು ಹಾಕಿದರೆ ಗುಳ್ಳೆಯೇಳುತ್ತದೆ, ನೀರಾವಿ ತಣಿದು ಮಂಜಾಗುತ್ತದೆ. ಮುಳ್ಳಯ್ಯನಗಿರಿಯ ಮೇಲೆ ಬೆಳಿಗ್ಗೆ ಕಾಣುವಂಥದ್ದೇ ಸಣ್ಣ ಹನಿಗಳು.

ಬಣ್ಣದ ವಿಚಾರ ಅಷ್ಟು ಬೇಗ ಮುಗಿಯುವುದಿಲ್ಲ. ತಾಮ್ರ, ಕ್ರೋಮಿಯಂ, ಮ್ಯಾಂಗನೀಸ್‌ನಂಥ ಲೋಹಗಳ ಲವಣ ಬಿಟ್ಟರೆ ನಾವು ದಿನಾ ಮುಟ್ಟುವ ಹೆಚ್ಚಿನ ದ್ರಾವಣಗಳು ನೀರಿನ ಹಾಗೇ ಇರುತ್ತವೆ. ನಮ್ಮೂರಿನ ಕಾಫಿಯನ್ನೇ ನೋಡಿ. 1819ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ರುಂಗೆ, ಕವಿ ಗಯಟೆ ಕೊಟ್ಟ ಕಾಫಿ ಬೀಜದಿಂದ ಕೆಫೀನ್ ಬೇರ್ಪಡಿಸಿದರು. ಆ ಕೆಫೀನ್ ಅಚ್ಚ ಬಿಳಿ. ಕವಿಯೊಬ್ಬ ವಿಜ್ಞಾನಿಯ ಕೈಗೆ ಬೀಜ ಕೊಡುವ ಈ ದೃಶ್ಯಕ್ಕಿಂತ ಚಂದದ ಸಿನಿಮಾ ದೃಶ್ಯ ಬೇಕೇ?

‘ಹುಚ್ಚು ವಿಜ್ಞಾನಿ’ಯ ಬೇರು ಹುಡುಕುವವರು ಮೇರಿ ಶೆಲ್ಲಿಯ 1818ರ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಗೆ ಹೋಗುತ್ತಾರೆ. ಅಲ್ಲಿ ವಿಕ್ಟರ್ ರಸಾಯನಶಾಸ್ತ್ರಕ್ಕೆ ಮನಸೋತ ವಿದ್ಯಾರ್ಥಿ. ಅವನು ಸೃಷ್ಟಿಸಿದ ದೇಹಕ್ಕೆ ಜೀವ ಬಂದದ್ದು ಹೇಗೆಂದು ಲೇಖಕಿ ಬಿಡಿಸಿ ಹೇಳುವುದಿಲ್ಲ. ಆ ಖಾಲಿ ಜಾಗಕ್ಕೆ ಮಿಂಚು, ಕಿಡಿ, ಯಂತ್ರಗಳನ್ನು ತುಂಬಿದ್ದು 1931ರ ಚಿತ್ರ. ಕಾದಂಬರಿ, ಸಿನಿಮಾ ಎರಡನ್ನೂ ಬೆರೆಸಬೇಡಿ.

ವಿಜ್ಞಾನಿಯೆಂದರೆ ಹೀಗೇ ಎಂಬ ಕಲ್ಪನೆ ಎಷ್ಟು ಬೇಗ ತಲೆಯಲ್ಲಿ ಕೂರುತ್ತದೆ? ‘ಒಬ್ಬ ವಿಜ್ಞಾನಿಯ ಚಿತ್ರ ಬಿಡಿಸಿ’ ಎಂದು ಮಕ್ಕಳಿಗೆ ಹೇಳಿ ನೋಡಿದ ಸಂಶೋಧಕ ಚೇಂಬರ್ಸ್ 1983ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಳಿ ಕೋಟು, ಕನ್ನಡಕ, ಗಡ್ಡ ಮತ್ತೆಮತ್ತೆ ಬಂದವು. 4,807 ಮಕ್ಕಳಲ್ಲಿ ಮಹಿಳಾ ವಿಜ್ಞಾನಿಯನ್ನು ಬಿಡಿಸಿದವರು 28 ಜನ, ಅಷ್ಟೂ ಹುಡುಗಿಯರೇ. ಮೇರಿ ಕ್ಯೂರಿಗೆ 1903 ಮತ್ತು 1911ರಲ್ಲಿ ಹೀಗೆ ಎರಡು ನೊಬೆಲ್ ಬಂದು ಎಷ್ಟೋ ದಶಕಗಳಾದ ಮೇಲಿನ ಮಾತಿದು. ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು.

ಸಿನಿಮಾದಲ್ಲಿ ಬಣ್ಣ ಬರೀ ಅಲಂಕಾರ. ನಮ್ಮಲ್ಲಿ ಅದು ಸುದ್ದಿ ಹೇಳುತ್ತದೆ. ಬಣ್ಣ ಬದಲಿಸುವ ಸೂಚಕ ಫಿನಾಲ್ಫ್ತಲೀನ್ ಹಾಕಿದ ಟೈಟ್ರೇಷನ್‌ನಲ್ಲಿ, ಅಂದರೆ ಆಮ್ಲಕ್ಕೆ ಕ್ಷಾರವನ್ನು ಹನಿಹನಿ ಬಿಟ್ಟು ಅಳೆಯುವಾಗ, ತಿಳಿಗುಲಾಬಿ ನಿಂತಿತೋ, ಹನಿ ಬಿಡುವ ಗಾಜಿನ ಕೊಳವೆ ಬ್ಯುರೆಟ್ ಮುಚ್ಚಬೇಕು. ಒಂದು ಹನಿ ಹೆಚ್ಚಾದರೆ ರೀಡಿಂಗ್ ಕೆಟ್ಟಿತು.

ಬಣ್ಣ ಹೀಗೆ ಸುದ್ದಿ ಹೇಳುವುದನ್ನು ನಾನು ಮೊದಲು ಕಂಡದ್ದು ಕಾಲೇಜಿನಲ್ಲಲ್ಲ, ಕೊಪ್ಪದ ಕಡೆಯ ಅತ್ತೆಮನೆಯ ಅಡಿಕೆ ತೋಟದಲ್ಲಿ. ಮಳೆ ಹಿಡಿಯುವ ಮುಂಚೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕು: ಒಂದು ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆ.ಜಿ. ಸುಣ್ಣ, 100 ಲೀಟರ್ ನೀರು. ಅತ್ತೆ ಪ್ಲಾಸ್ಟಿಕ್ ಡ್ರಮ್ಮಿನ ತಿಳಿನೀಲಿಗೆ ಉಜ್ಜಿದ ಕಬ್ಬಿಣದ ಕತ್ತಿ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದರು. ಅಲಗಿನ ಮೇಲೆ ತೆಳ್ಳಗೆ ಕೆಂಪು. ಕಬ್ಬಿಣ ಕರಗಿ, ತಾಮ್ರ ಬಂದು ಅಲ್ಲಿ ಕೂತಿತ್ತು. ಅಂದರೆ ಸುಣ್ಣದೊಂದಿಗೆ ಸೇರದ ಬಿಡಿ ತಾಮ್ರ ಇನ್ನೂ ಉಳಿದಿದೆ, ಹೊಡೆದರೆ ಎಳೆಯದು ಸುಡುತ್ತದೆ.

“ಇನ್ನೊಂಚೂರು ಸುಣ್ಣದ ತಿಳಿ ಹೊಯ್ಯೋ,” ಅಂದರು. ಹೊಯ್ದೆ. ಅವರು ಕತ್ತಿ ಉಜ್ಜಿ ಮತ್ತೆ ಅದ್ದಿದರು. ಮೂರನೇ ಸಲ ಅಲಗು ಬೆಳ್ಳಗೇ ಬಂತು. ಆಮೇಲೆಯೇ ಪಂಪಿಗೆ ಸೋಸಲು ಬಟ್ಟೆ ಹಿಡಿದದ್ದು.