ಯಾರ ಕಿವಿ ನಂಬಿ ಟರ್ನ್‌ಟೇಬಲ್ ಕೊಳ್ಳೋದು?

ಪುಣೆಯಲ್ಲಿ ಎಲ್‌ಪಿ ಕೇಳುವ ಕನ್ನಡಿಗರಿಗೆ ಕೊರತೆಯಿಲ್ಲ. ಗದಗಿನ ಕಡೆಯಿಂದ ಬಂದ ಭೀಮಸೇನ ಜೋಶಿ ನೆಲೆಸಿದ ಊರು ಇದು. ಅವರ ಹಳೆ ಪ್ಲೇಟುಗಳು ಇನ್ನೂ ಎಷ್ಟೋ ಮನೆಗಳ ಕಪಾಟಿನಲ್ಲಿವೆ. ಜುನಾ ಬಜಾರ್‌ನಲ್ಲಿ ತಾಳ್ಮೆಯಿಂದ ಹುಡುಕಿದರೆ ಒಳ್ಳೆ ಎಲ್‌ಪಿ ಸಿಕ್ಕೀತು. ಅದನ್ನು ಹಾಕಲು ಟರ್ನ್‌ಟೇಬಲ್ ಆರಿಸುವುದೇ ಕಷ್ಟ. 50 ಸಾವಿರವೋ 1 ಲಕ್ಷವೋ ಕೊಡಬೇಕು, ಆದರೆ ಕೊಳ್ಳುವ ಮುಂಚೆ ಕೇಳಿ ನೋಡುವ ಅವಕಾಶ ಇರೋದು ಕೆಲವೇ ಮಾಡೆಲ್‌ಗಳಿಗೆ. ಹಾಗಾಗಿ ಲಂಡನ್ನಿನಲ್ಲೋ ಅಮೆರಿಕದಲ್ಲೋ ಕೂತ ವಿಮರ್ಶಕನ ಕಿವಿಯೇ ನಮಗೆ ಗತಿ. ಆ ಕಿವಿಯನ್ನು ಎಷ್ಟು ನಂಬಬೇಕು ಅನ್ನುವ ಜಗಳ ಆಡಿಯೋ ಹುಚ್ಚಿನ ನಾಲ್ಕು ಜನ ಸೇರಿದ ಕಡೆಯೆಲ್ಲ ಏಳುತ್ತದೆ.

ಈ ಜಗಳಕ್ಕೆ 60 ವರ್ಷ ದಾಟಿದೆ. ಜೆ. ಗಾರ್ಡನ್ ಹೋಲ್ಟ್ ಅಮೆರಿಕದ 'ಹೈ ಫಿಡೆಲಿಟಿ' ಪತ್ರಿಕೆಯಲ್ಲಿದ್ದವರು. ಜಾಹೀರಾತು ಕೊಡುವ ಕಂಪನಿಗಳ ಮುಲಾಜು ಅವರಿಗೆ ಹಿಡಿಸಲಿಲ್ಲ. ಹೊರಬಂದು 1962ರಲ್ಲಿ 'ಸ್ಟೀರಿಯೋಫೈಲ್' ಶುರು ಮಾಡಿದರು. ಆಗಿನ ರೂಢಿ ಅಂದರೆ 'ಸ್ಟೀರಿಯೋ ರಿವ್ಯೂ'ದ ಜೂಲಿಯನ್ ಹಿರ್ಷ್ ಅವರ ಹಾಗೆ ಮೀಟರ್ ಹಿಡಿದು ಅಳೆದು ಅಂಕಿ ಕೊಡೋದು. ಹೋಲ್ಟ್ ಇನ್ನೊಂದು ದಾರಿ ಹಿಡಿದರು. ಸೆಟ್ಟನ್ನು ಮನೆಯಲ್ಲಿಟ್ಟು ಸಂಗೀತ ಕೇಳಬೇಕು, ಕಿವಿಗೆ ಬಿದ್ದದ್ದನ್ನು ಬರೆಯಬೇಕು. 1973ರಲ್ಲಿ ಹ್ಯಾರಿ ಪಿಯರ್ಸನ್ 'ದಿ ಆಬ್ಸೊಲ್ಯೂಟ್ ಸೌಂಡ್' ತಂದರು. ಮೈಕ್ ಇಲ್ಲದೆ ನುಡಿಸಿದ ವಾದ್ಯ ಸಭಾಂಗಣದಲ್ಲಿ ಹೇಗೆ ಕೇಳಿಸುತ್ತದೋ ಅದಕ್ಕೇ ಹೋಲಿಸಿ ನೋಡಬೇಕು ಅಂದರು.

ಹೋಲ್ಟ್ ಮಾಡಿದ್ದು ಸರಿಯೇ ಅಂತ ನಾನು ನಂಬುತ್ತೇನೆ. ಸಂಗೀತದ ಉಪಕರಣವನ್ನು ಕೇಳದೆ ಅಳೆದರೆ ಏನು ಬಂತು? ಆದರೆ ಅಂಕಿಯನ್ನು ಇನ್ನೊಬ್ಬರು ಮತ್ತೆ ಅಳೆದು ನೋಡಬಹುದು. ಕಿವಿಯ ಮಾತನ್ನು ಹಾಗೆ ನೋಡೋಕಾಗಲ್ಲ. ಅಲ್ಲಿಂದ ನಂಬಿಕೆ ಮೀಟರ್ ಬಿಟ್ಟು ಮನುಷ್ಯನ ಮೇಲೆ ಬಂದು ಕೂತಿತು.

ಅದರ ಬಲ 1970ರ ದಶಕದಲ್ಲಿ ಕಾಣಿಸಿತು. ಗ್ಲಾಸ್ಗೋದ ಲಿನ್ ಕಂಪನಿಯ ಐವರ್ ಟೀಫನ್‌ಬ್ರುನ್ ಸಾಂಡೆಕ್ ಎಲ್‌ಪಿ12 ಅನ್ನುವ ಬೆಲ್ಟ್ ಡ್ರೈವ್ ಟರ್ನ್‌ಟೇಬಲ್ ತಂದು, ಸ್ಪೀಕರ್‌ಗಿಂತ ಟರ್ನ್‌ಟೇಬಲ್ಲೇ ಮುಖ್ಯ ಅಂದರು. ಬ್ರಿಟನ್ನಿನ ವಿಮರ್ಶಕರಲ್ಲಿ ಹಲವರು ಆ ಮಾತನ್ನು ಹೊತ್ತು ತಿರುಗಿದರು. ಮೋಟಾರ್ ರಬ್ಬರ್ ಪಟ್ಟಿಯಿಂದ ತಟ್ಟೆ ತಿರುಗಿಸುವ ಬೆಲ್ಟ್ ಡ್ರೈವ್ ಮೇಲು, ಮೋಟಾರೇ ನೇರವಾಗಿ ತಿರುಗಿಸುವ ಡೈರೆಕ್ಟ್ ಡ್ರೈವ್ ಕೀಳು ಅನ್ನುವ ಭಾವನೆ ಬೇರೂರಿತು. 1972ರಲ್ಲೇ ಬಂದ ಡೈರೆಕ್ಟ್ ಡ್ರೈವ್ ಟರ್ನ್‌ಟೇಬಲ್ ಟೆಕ್ನಿಕ್ಸ್ ಎಸ್‌ಎಲ್-1200 ವೇಗದ ಸ್ಥಿರತೆಯಲ್ಲಿ ಗಟ್ಟಿಗ. ಆದರೂ ಅದನ್ನು ಬಹುಕಾಲ ಡಿಜೆಗಳ ಯಂತ್ರ ಅಂತ ಪಕ್ಕಕ್ಕೆ ಸರಿಸಿದರು. ಇನ್ನೊಂದು ಕಥೆಯೂ ಇದೆ. ಟೀಫನ್‌ಬ್ರುನ್ ಡಿಜಿಟಲ್ ಧ್ವನಿಯ ಕಟ್ಟಾ ವಿರೋಧಿ. 1984ರಲ್ಲಿ ಅವರು ಒಂದು ಬ್ಲೈಂಡ್ ಟೆಸ್ಟ್‌ಗೆ, ಅಂದರೆ ಏನು ಕೇಳುತ್ತಿದ್ದೇವೆ ಅಂತ ಗೊತ್ತಿಲ್ಲದೆ ಕೇಳಿ ಗುರುತಿಸುವ ಪರೀಕ್ಷೆಗೆ ಕೂತರು. ನಡುವೆ ಡಿಜಿಟಲ್ ಪ್ರೊಸೆಸರ್ ಯಾವಾಗ ಸೇರಿತು, ಯಾವಾಗ ಇಲ್ಲ ಅಂತ ಗುರುತಿಸಲು ಅವರಿಂದ ಆಗಲಿಲ್ಲ.

ಅಷ್ಟರಲ್ಲಾಗಲೇ ಸಿಡಿ ಬಂದಿತ್ತು. ಎಲ್‌ಪಿ ಮೂಲೆ ಸೇರಿತು, ಮತ್ತೆ ಎದ್ದಿತು. ವಿಮರ್ಶೆ ಯೂಟ್ಯೂಬ್‌ಗೆ ಬಂತು.

2022ರ ಜುಲೈನಲ್ಲಿ ದೊಡ್ಡ ಪೆಟ್ಟು ಬಿತ್ತು. ಮೊಬೈಲ್ ಫಿಡೆಲಿಟಿ ಅನ್ನುವ ಅಮೆರಿಕದ ಕಂಪನಿ ಮೂಲ ಟೇಪಿನಿಂದ ದುಬಾರಿ ಎಲ್‌ಪಿ ಮಾಡಿ ಮಾರುತ್ತದೆ. ಇವು ಪೂರ್ತಿ ಅನಲಾಗ್, ಅಂದರೆ ಧ್ವನಿಯನ್ನು ಎಲ್ಲೂ ಅಂಕಿಗಳಾಗಿ ಬದಲಿಸದೆ ಮಾಡಿದವು ಅಂತಲೇ ಕೊಳ್ಳುವವರು ನಂಬಿದ್ದರು. ಫೀನಿಕ್ಸ್ ನಗರದ ಅಂಗಡಿಯವ ಮೈಕ್ ಎಸ್ಪೊಸಿಟೊ ನಡುವೆ ಡಿಜಿಟಲ್ ಫೈಲ್ ಇದೆ ಅಂತ ವಿಡಿಯೋ ಮಾಡಿದರು. ಕೆಲವೇ ದಿನಗಳಲ್ಲಿ ಕಂಪನಿಯ ಎಂಜಿನಿಯರ್‌ಗಳೇ ಕ್ಯಾಮೆರಾ ಮುಂದೆ ಒಪ್ಪಿಕೊಂಡರು. 2011ರಿಂದಲೇ ಡಿಜಿಟಲ್ ಹೆಜ್ಜೆ ಬಳಕೆಯಲ್ಲಿತ್ತು. ವಿಷಯ ಕೋರ್ಟಿಗೆ ಹೋಗಿ, 2.5 ಕೋಟಿ ಡಾಲರ್‌ವರೆಗಿನ ಒಪ್ಪಂದದಲ್ಲಿ ಮುಗಿಯಿತು. ಅಷ್ಟೂ ವರ್ಷ ಹೆಸರಾಂತ ವಿಮರ್ಶಕರು ಅದೇ ಪ್ಲೇಟುಗಳನ್ನು ಅನಲಾಗ್‌ನ ಅತ್ಯುತ್ತಮ ಮಾದರಿ ಅಂತ ಹೊಗಳಿದ್ದರು. ಧ್ವನಿ ಚೆನ್ನಾಗಿತ್ತು, ಅದರಲ್ಲಿ ಸುಳ್ಳಿಲ್ಲ. ಆದರೆ ಡಿಜಿಟಲ್ ಬೆರೆತರೆ ಕೇಳಿದ ಕೂಡಲೇ ಗೊತ್ತಾಗುತ್ತದೆ ಅನ್ನುವ ಮಾತು ಅಲ್ಲಿಗೆ ಬಿದ್ದುಹೋಯಿತು.

ಅಂದಮೇಲೆ ವಿಮರ್ಶಕರನ್ನು ಬಿಟ್ಟೇಬಿಡಬೇಕಾ? ಇಲ್ಲ. ಅವರ ಕಿವಿ ಎಷ್ಟು ಸೂಕ್ಷ್ಮ ಅನ್ನುವುದಕ್ಕಿಂತ ಅವರು ಏನೇನು ಬಿಚ್ಚಿ ಹೇಳುತ್ತಾರೆ ಅನ್ನುವುದನ್ನು ನೋಡಬೇಕು. ಸೆಟ್ಟು ಎಲ್ಲಿಂದ ಬಂತು? ಕಂಪನಿಗಳು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಪಕರಣವನ್ನು ವಿಮರ್ಶಕರ ಮನೆಯಲ್ಲೇ ಬಿಡುತ್ತವೆ. ಕೊಂಡರೆ ರಿಯಾಯಿತಿ ಬೆಲೆ. ವಿಡಿಯೋದ ಕೆಳಗಿನ ಲಿಂಕ್ ಒತ್ತಿ ನಾವು ಕೊಂಡರೆ ಅವರಿಗೆ ಕಮಿಷನ್. ಉಂಡ ಮನೆಯ ಜಂತೆ ಎಣಿಸಬಾರದು ಅನ್ನುತ್ತಾರೆ. ವಿಮರ್ಶಕನ ಕೆಲಸವೇ ಜಂತೆ ಎಣಿಸೋದು. ಹಾಗಾಗಿ ಅವನು ಎಲ್ಲಿ ಉಂಡ ಅಂತ ಓದುಗನಿಗೆ ಗೊತ್ತಿರಬೇಕು.

ಮುಳ್ಳನ್ನು ಹಿಡಿದು ಅದರ ಕಂಪನವನ್ನು ವಿದ್ಯುತ್ತಾಗಿಸುವ ಕಾರ್ಟ್ರಿಡ್ಜ್ ವಿಷಯದಲ್ಲೂ ಅಷ್ಟೇ. ಒಂದೇ ಮೂವಿಂಗ್ ಮ್ಯಾಗ್ನೆಟ್ (ಮುಳ್ಳಿನ ಜೊತೆ ಪುಟ್ಟ ಅಯಸ್ಕಾಂತ ಅಲುಗುವ ಬಗೆಯ) ಕಾರ್ಟ್ರಿಡ್ಜ್ ಒಬ್ಬರಿಗೆ ಚೂಪು, ಇನ್ನೊಬ್ಬರಿಗೆ ಮಂಕು ಅನ್ನಿಸಬಹುದು. ಕೇಬಲ್ಲಿನ ಮತ್ತು ಕಾರ್ಟ್ರಿಡ್ಜಿನ ಸಣ್ಣ ಸಿಗ್ನಲ್ ಹಿಗ್ಗಿಸುವ ಫೋನೋ ಸ್ಟೇಜಿನ ಕೆಪಾಸಿಟೆನ್ಸ್ (ವಿದ್ಯುತ್ ಹಿಡಿದಿಡುವ ಗುಣ) ಬದಲಾದರೆ ಧ್ವನಿಯೂ ಬದಲಾಗುತ್ತದೆ. ಯಾವ ಫೋನೋ ಸ್ಟೇಜ್, ಪ್ಲೇಟಿನ ಮೇಲೆ ಮುಳ್ಳು ಒತ್ತುವ ಭಾರ ಎಷ್ಟು ಗ್ರಾಂ ಅಂತ ಬರೆಯದವರ ವರ್ಣನೆ ಎಷ್ಟು ಚೆಂದವಿದ್ದರೂ ನಮಗೆ ಉಪಯೋಗವಿಲ್ಲ.

ಇನ್ನು ಅವರು ಕೇಳುವ ಸಂಗೀತ. ಹೆಚ್ಚಾಗಿ ಜಾಜ್, ರಾಕ್, ಸಿಂಫನಿ. ಡ್ರಮ್ಮಿನ ಏಟಿನಲ್ಲಿ ಮುಚ್ಚಿಹೋಗುವ ದೋಷ ತಂಬೂರಿಯಲ್ಲಿ ಬಯಲಾಗುತ್ತದೆ. ಎಲ್‌ಪಿ ಒಂದು ಸುತ್ತಿಗೆ 1.8 ಸೆಕೆಂಡ್ ತೆಗೆದುಕೊಳ್ಳುತ್ತದೆ. ಪ್ಲೇಟಿನ ತೂತು ಸ್ವಲ್ಪ ಆಚೀಚೆ ಇದ್ದರೆ ಪ್ರತಿ ಸುತ್ತಿಗೂ ಸ್ವರ ಒಮ್ಮೆ ಏರಿ ಇಳಿಯುತ್ತದೆ. ಮೋಟಾರಿನ ವೇಗ ತೂಗಾಡಿದರೂ ಸ್ವರ ಏರಿಳಿಯುತ್ತದೆ. ಆಲಾಪದ ಹಿಂದೆ ಒಂದೇ ಸಮ ನಿಂತಿರಬೇಕಾದ ಷಡ್ಜ ಅಲುಗಾಡಿದರೆ ಹಿಂದೂಸ್ತಾನಿ ಕೇಳಿ ಬೆಳೆದವರಿಗೆ ತಕ್ಷಣ ಕಿರಿಕಿರಿ. ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿಯ ಮೊದಲ ಎರಡು ನಿಮಿಷ ಹೇಳಿಕೊಡುವುದನ್ನು ನಾಲ್ಕು ಪುಟದ ವಿಮರ್ಶೆ ಹೇಳದೆ ಹೋಗಬಹುದು. ಹಾಗಂತ ಎಲ್ಲ ತಪ್ಪನ್ನೂ ಟರ್ನ್‌ಟೇಬಲ್ ತಲೆಗೆ ಕಟ್ಟಬೇಡಿ. ಇನ್ನೊಂದು ಪ್ಲೇಟು ಹಾಕಿ ನೋಡಿ. ಅಲ್ಲಿ ಷಡ್ಜ ಅಲುಗದೆ ನಿಂತರೆ ದೋಷ ಮೊದಲಿನ ಪ್ಲೇಟಿನದ್ದೇ.

ವಿದ್ಯುತ್ತಿನ ವಿಷಯ ಇನ್ನೂ ನೇರ. ಅಮೆರಿಕದ್ದು 60 ಹರ್ಟ್ಸ್, ನಮ್ಮದು 50. ಕೆಲವು ಬೆಲ್ಟ್ ಡ್ರೈವ್‌ಗಳ ಎಸಿ ಮೋಟಾರ್ ಕರೆಂಟಿನ ಫ್ರೀಕ್ವೆನ್ಸಿಯ ಲೆಕ್ಕಕ್ಕೇ ತಿರುಗುತ್ತದೆ. ಅಮೆರಿಕದ ರಿವ್ಯೂ ಮೆಚ್ಚಿ ಅಲ್ಲಿಂದಲೇ ಅಂಥ ಟರ್ನ್‌ಟೇಬಲ್ ತರಿಸಿ, ವೋಲ್ಟೇಜ್ ಹೊಂದಿಸಿಕೊಂಡರೂ ಪುಲ್ಲಿ (ಬೆಲ್ಟ್ ಸುತ್ತುವ ಮೋಟಾರಿನ ಪುಟ್ಟ ಗಾಲಿ) ಬದಲಿಸದೆ ಪುಣೆಯಲ್ಲಿ ಹಾಕಿದರೆ ನಿಮಿಷಕ್ಕೆ 33⅓ ಸುತ್ತಿನ ಜಾಗದಲ್ಲಿ ಸುಮಾರು 27.8 ಸುತ್ತು ಬರುತ್ತದೆ. ಗಾಯಕರ ಷಡ್ಜ ಮೂರು ಅರ್ಧಸ್ವರ ಕೆಳಗಿಳಿಯುತ್ತದೆ. ತರಿಸುವ ಮುಂಚೆ ಮಾರುವವರಿಗೆ ಪುಲ್ಲಿ ಯಾವ ಹರ್ಟ್ಸ್‌ನದ್ದು ಅಂತ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ.