ವೇಗವೋ, ಕೆಟ್ಟ ಡ್ರೈವಿಂಗೋ? ಜಖಂ ಗಾಡಿ ನೋಡುವವರ ಲೆಕ್ಕ

ರಸ್ತೆ ಅಪಘಾತದ ಮಾತು ಎಲ್ಲಿ ಬಂದರೂ ಜನ ಎರಡು ಪಕ್ಷ ಆಗುತ್ತಾರೆ. "ಎಲ್ಲದಕ್ಕೂ ಸ್ಪೀಡೇ ಕಾರಣ" ಎನ್ನುವವರು ಒಂದು ಕಡೆ. "ಸ್ಪೀಡ್ ಅಲ್ಲ ಸಾರ್, ನಮ್ಮವರಿಗೆ ಓಡಿಸೋಕೇ ಬರಲ್ಲ" ಎನ್ನುವವರು ಇನ್ನೊಂದು ಕಡೆ. ನಾನು ಮೋಟಾರು ವಾಹನ ನಿರೀಕ್ಷಕ. ಹಳಬರು ಇವತ್ತಿಗೂ ನಮ್ಮನ್ನು ಬ್ರೇಕ್ ಇನ್‌ಸ್ಪೆಕ್ಟರ್ ಅಂತಲೇ ಕರೆಯುತ್ತಾರೆ. ಬೆಳಗ್ಗೆ ಡಿಎಲ್ ಟೆಸ್ಟ್ ಮಾಡುತ್ತೇವೆ. ಮಧ್ಯಾಹ್ನ ಠಾಣೆಯಿಂದ ಪತ್ರ ಬಂದರೆ ಅಪಘಾತವಾದ ಗಾಡಿಯನ್ನು ನೋಡಿ ವರದಿ ಕೊಡುತ್ತೇವೆ. ಹಾಗಾಗಿ ಈ ವಾದದ ಎರಡೂ ತುದಿ ನನ್ನ ಕೆಲಸದೊಳಗೇ ಇದೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಡಿಕ್ಕಿ ಆಗುವುದಕ್ಕೆ ಯಾರದೋ ಒಂದು ತಪ್ಪು ಸಾಕು. ಆ ಡಿಕ್ಕಿಯಲ್ಲಿ ಜೀವ ಉಳಿಯುತ್ತದೋ ಹೋಗುತ್ತದೋ ಎನ್ನುವುದನ್ನು ಬಹುಪಾಲು ತೀರ್ಮಾನಿಸುವುದು ಆ ಕ್ಷಣದ ವೇಗ. ಸಾವು ಕಡಿಮೆ ಆಗಬೇಕಾದರೆ ಮೊದಲು ಕೈ ಹಾಕಬೇಕಾದದ್ದು ವೇಗಕ್ಕೇ. ಆದರೆ ಇದಕ್ಕೆ ಸಾಕ್ಷಿ ಅಂತ ಎಲ್ಲರೂ ತೋರಿಸುವ ಅಂಕಿಯನ್ನು ಮಾತ್ರ ನಾನು ಬಳಸುವುದಿಲ್ಲ.

ಆ ಅಂಕಿ ನಿಮಗೂ ಗೊತ್ತಿರುತ್ತದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದಲ್ಲಿ 1,68,491 ಜನ ರಸ್ತೆಯಲ್ಲಿ ಸತ್ತರು. ಅದರಲ್ಲಿ ಶೇ 71ರಷ್ಟು ಸಾವಿಗೆ ಅತಿವೇಗ ಕಾರಣ ಎಂದು ಬರೆದಿದ್ದಾರೆ. ಕುಡಿದು ಓಡಿಸಿದ್ದು, ಮೊಬೈಲ್ ಹಿಡಿದು ಓಡಿಸಿದ್ದು, ರಾಂಗ್ ಸೈಡಿನಲ್ಲಿ ಬಂದದ್ದು, ಸಿಗ್ನಲ್ ಹಾರಿದ್ದು ಎಲ್ಲ ಸೇರಿದರೂ ಇದರ ಹತ್ತಿರಕ್ಕೆ ಬರುವುದಿಲ್ಲ. ಓದಿದವರು ಅಲ್ಲಿಗೆ ಪ್ರಶ್ನೆ ಮುಗಿಯಿತು ಅಂದುಕೊಳ್ಳುತ್ತಾರೆ.

ಈ ಶೇ 71 ಹೇಗೆ ಹುಟ್ಟುತ್ತದೆ ನೋಡಿ. ಅಪಘಾತ ಆದ ಮೇಲೆ ಸತ್ತವರ ಕಡೆಯವರು ದೂರು ಕೊಡುತ್ತಾರೆ. ದೂರಿನಲ್ಲಿ, ಎಫ್‌ಐಆರ್‌ನಲ್ಲಿ ಒಂದು ಸಾಲು ತಪ್ಪದೆ ಇರುತ್ತದೆ: ಚಾಲಕ "ಅತಿವೇಗ ಹಾಗೂ ಅಜಾಗರೂಕತೆಯಿಂದ" ಓಡಿಸಿಕೊಂಡು ಬಂದು ಡಿಕ್ಕಿ ಹೊಡೆದ. ಹಿಂದೆ ಐಪಿಸಿ 279, 304ಎ ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 281, 106 ಬಂದಿದೆ. ಕಲಂ ಬದಲಾದರೂ ಆ ಸಾಲು ಬದಲಾಗಿಲ್ಲ. ಕೇಸು ನಿಲ್ಲಬೇಕು, ನಾಳೆ ಆ ಮನೆಯವರಿಗೆ ಪರಿಹಾರ ಸಿಗಬೇಕು, ಅದಕ್ಕೆ ಆ ಸಾಲು ಬೇಕು. ನಾನು ಅದನ್ನು ತಪ್ಪು ಅನ್ನುತ್ತಿಲ್ಲ. ಆದರೆ ಅದು ಅಳತೆ ಮಾಡಿ ಬರೆದದ್ದಲ್ಲ.

ಆಮೇಲೆ ಗಾಡಿ ನೋಡಲು ನನ್ನ ಸರದಿ. ನನ್ನ ವರದಿಯ ಕೊನೆಯಲ್ಲಿ ಉತ್ತರ ಕೊಡಬೇಕಾದ ಪ್ರಶ್ನೆ ಒಂದೇ: ಅಪಘಾತಕ್ಕೆ ವಾಹನದ ಯಾಂತ್ರಿಕ ದೋಷ ಕಾರಣವೇ, ಅಲ್ಲವೇ? ಬ್ರೇಕ್ ಪೆಡಲ್ ಒತ್ತಿ ನೋಡುತ್ತೇನೆ. ಸ್ಟೀರಿಂಗ್, ಟೈರ್, ಲೈಟು ನೋಡುತ್ತೇನೆ. ಜಖಂ ಆದ ಭಾಗಗಳನ್ನು ಒಂದೊಂದಾಗಿ ಬರೆಯುತ್ತೇನೆ. ಹೆಚ್ಚಿನ ಸಲ ಉತ್ತರ "ಯಾಂತ್ರಿಕ ದೋಷ ಕಾರಣವಲ್ಲ". ಗಾಡಿ ಎಷ್ಟು ವೇಗದಲ್ಲಿತ್ತು ಅಂತ ನನ್ನನ್ನು ಯಾರೂ ಕೇಳುವುದಿಲ್ಲ. ಮಹಜರು ಮಾಡಿದವರನ್ನೂ ಕೇಳುವುದಿಲ್ಲ. ಇಡೀ ಸರಣಿಯಲ್ಲಿ ವೇಗವನ್ನು ಅಳೆದವರು ಯಾರೂ ಇಲ್ಲ. ಆದರೂ ವರ್ಷದ ಕೊನೆಗೆ ಅದು ದೇಶದ ಅಂಕಿ ಆಗುತ್ತದೆ. ಜೊತೆಗೆ ಆ ಕೋಷ್ಟಕದಲ್ಲಿ ಒಂದು ಅಪಘಾತಕ್ಕೆ ಒಂದೇ ಕಾರಣ. ಬ್ರಿಟನ್ನಿನ ಪೊಲೀಸರು ಬಹಳ ಕಾಲ ಒಂದು ಅಪಘಾತಕ್ಕೆ ಆರು ಕಾರಣಗಳವರೆಗೂ ಗುರುತು ಹಾಕುತ್ತಿದ್ದರು. ಅಲ್ಲಿ ವರ್ಷವರ್ಷವೂ ಮೊದಲ ಸ್ಥಾನದಲ್ಲಿ ಬರುತ್ತಿದ್ದದ್ದು "ಸರಿಯಾಗಿ ನೋಡಲಿಲ್ಲ" ಎನ್ನುವ ಕಾರಣ. ನಮ್ಮಲ್ಲೂ ಹಾಗೆ ಬರೆದರೆ ಅದೇ ಮೇಲೆ ಬಂದೀತು ಅನ್ನುವುದು ನನ್ನ ಅಂದಾಜು.

ಹಾಗಾದರೆ ಕೆಟ್ಟ ಡ್ರೈವಿಂಗ್ ಪಕ್ಷದವರು ಗೆದ್ದರಾ? ಇಲ್ಲ. ಅಂಕಿ ದುರ್ಬಲ ಅಂದ ಮಾತ್ರಕ್ಕೆ ವೇಗ ನಿರಪರಾಧಿ ಆಗುವುದಿಲ್ಲ. ಗಾಡಿಯ ತಗಡು ಬೇರೆ ಮಾತು ಹೇಳುತ್ತದೆ.

ಹೆದ್ದಾರಿಯ ಠಾಣೆಗಳ ಅಂಗಳದಲ್ಲಿ ಪದೇ ಪದೇ ಕಾಣುವ ಒಂದು ಕಾರನ್ನು ಹೇಳುತ್ತೇನೆ. ಮುಂದಿನ ಬಂಪರ್ ಸೀಳಿದೆ. ನಂಬರ್ ಪ್ಲೇಟ್ ಒಳಕ್ಕೆ ಮಡಚಿದೆ. ಬಾನೆಟ್ಟಿನ ಮಧ್ಯೆ ಒಂದು ತಗ್ಗು. ಮುಂದಿನ ಗಾಜಿನ ಎಡಭಾಗ ಜೇಡರ ಬಲೆಯ ಹಾಗೆ ಒಡೆದಿದೆ. ಇದು ನಡೆದು ಹೋಗುವವರಿಗೆ ಹೊಡೆದ ಕಾರು. ಇಲ್ಲಿ ನಾನು ಮೊದಲು ನೋಡುವುದು ತಲೆ ಎಲ್ಲಿ ಬಡಿದಿದೆ ಅಂತ. ವೇಗ ಕಡಿಮೆ ಇದ್ದರೆ ತಲೆ ಬಾನೆಟ್ಟಿಗೆ ಬಡಿಯುತ್ತದೆ, ಅಥವಾ ಮನುಷ್ಯ ಪಕ್ಕಕ್ಕೆ ಬೀಳುತ್ತಾನೆ. ವೇಗ ಏರಿದಂತೆ ಆ ಗುರುತು ಮೇಲೆ ಮೇಲೆ ಹೋಗುತ್ತದೆ. ಗಾಜಿನ ಕೆಳಗೆ, ಗಾಜಿನ ನಡುವೆ, ಕೊನೆಗೆ ಛಾವಣಿಯ ಅಂಚಿಗೆ. ಛಾವಣಿಯ ಅಂಚಿನಲ್ಲಿ ಗುರುತಿದ್ದರೆ ಆ ಮನುಷ್ಯನ ಗತಿ ಏನಾಗಿರಬಹುದು ಅಂತ ಎಫ್‌ಐಆರ್ ಓದುವ ಮೊದಲೇ ಅಂದಾಜಾಗುತ್ತದೆ. ಆತ ನೋಡದೆ ರಸ್ತೆಗೆ ಇಳಿದಿರಬಹುದು. ಡ್ರೈವರ್ ಮೊಬೈಲ್ ನೋಡುತ್ತಿದ್ದಿರಬಹುದು. ತಪ್ಪು ಯಾರದೇ ಇರಲಿ, ತಗಡಿನ ಮೇಲಿನ ಗುರುತು ವೇಗದ್ದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಕಾರಿನ ವೇಗ ಗಂಟೆಗೆ 50 ಕಿ.ಮೀ.ನಿಂದ 65ಕ್ಕೆ ಏರಿದರೆ ಪಾದಚಾರಿ ಸಾಯುವ ಅಪಾಯ ನಾಲ್ಕೂವರೆ ಪಟ್ಟು ಆಗುತ್ತದೆ. ಸರಾಸರಿ ವೇಗ ಶೇ 1ರಷ್ಟು ಏರಿದರೆ ಪ್ರಾಣಾಂತಿಕ ಅಪಘಾತದ ಅಪಾಯ ಶೇ 4ರಷ್ಟು ಏರುತ್ತದೆ.

"ಹತ್ತು ಇಪ್ಪತ್ತು ಜಾಸ್ತಿ ಆದ್ರೆ ಏನ್ ಆಗುತ್ತೆ ಸಾರ್?" ಅಂತ ಕೇಳುವವರಿಗೆ ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ರಸ್ತೆ ಒಣಗಿದೆ, ಬ್ರೇಕ್ ಚೆನ್ನಾಗಿದೆ, ಡ್ರೈವರ್ ಅಪಾಯ ಕಂಡು ಬ್ರೇಕ್ ಒತ್ತಲು ಒಂದೂವರೆ ಸೆಕೆಂಡ್ ತೆಗೆದುಕೊಳ್ಳುತ್ತಾನೆ ಅಂತ ಇಟ್ಟುಕೊಳ್ಳಿ. 50ರಲ್ಲಿ ಬರುವ ಕಾರು ಸುಮಾರು 35 ಮೀಟರಿನಲ್ಲಿ ನಿಲ್ಲುತ್ತದೆ. 60ರಲ್ಲಿ ಬರುವ ಕಾರಿಗೆ 45 ಮೀಟರ್ ಬೇಕು. ಇಷ್ಟೇ ತಾನೇ ಅನ್ನಿಸುತ್ತದೆ, ಅಲ್ವಾ? ಈಗ 35ನೇ ಮೀಟರಿನಲ್ಲಿ ಒಂದು ಮಗು ನಿಂತಿದೆ ಅಂದುಕೊಳ್ಳಿ. 50ರ ಕಾರು ಮಗುವಿನ ಮುಂದೆ ನಿಂತಿತು. 60ರ ಕಾರು ಅದೇ ಜಾಗಕ್ಕೆ ಬಂದಾಗ ಇನ್ನೂ ಸುಮಾರು 43 ಕಿ.ಮೀ. ವೇಗದಲ್ಲಿರುತ್ತದೆ. ಹೆದ್ದಾರಿಯಲ್ಲಿ ಇನ್ನೂ ಭೀಕರ. 100ರ ಕಾರು ನಿಂತ ಜಾಗದಲ್ಲಿ 120ರ ಕಾರು ಸುಮಾರು 77ರ ವೇಗದಲ್ಲಿ ಬಡಿಯುತ್ತದೆ. ಇಬ್ಬರೂ ಒಂದೇ ತರಬೇತಿ ಪಡೆದವರು, ಒಂದೇ ಕ್ಷಣಕ್ಕೆ ಬ್ರೇಕ್ ಒತ್ತಿದವರು. ಕೌಶಲದಲ್ಲಿ ಒಂದು ಕೂದಲೆಳೆಯ ವ್ಯತ್ಯಾಸವೂ ಇಲ್ಲ.

ಇನ್ನು ಕೌಶಲದ ವಿಷಯ. ನಾವು ಟ್ರ್ಯಾಕಿನಲ್ಲಿ ಏನು ನೋಡುತ್ತೇವೆ? ಎಂಟು ಹಾಕಿಸುತ್ತೇವೆ. ರಿವರ್ಸ್ ತೆಗೆಸುತ್ತೇವೆ. ಏರಿನಲ್ಲಿ ನಿಲ್ಲಿಸಿ ಹಿಂದೆ ಜಾರದ ಹಾಗೆ ಮುಂದೆ ತೆಗೆಯಿರಿ ಅನ್ನುತ್ತೇವೆ. ಇದೆಲ್ಲ ಆಳು ನಡೆಯುವುದಕ್ಕಿಂತ ಸ್ವಲ್ಪ ಜಾಸ್ತಿ ವೇಗದಲ್ಲಿ ಆಗುವ ಕೆಲಸ. ಎದುರಿನಿಂದ ಲಾರಿ ಬರುತ್ತಿರುವಾಗ ಓವರ್‌ಟೇಕ್ ಮಾಡಬಹುದಾ ಬಿಡಬೇಕಾ, ಮುಂದಿನ ಗಾಡಿಯಿಂದ ಎಷ್ಟು ಅಂತರ ಇಡಬೇಕು ಎನ್ನುವುದು ಟ್ರ್ಯಾಕಿನಲ್ಲಿ ಗೊತ್ತಾಗುವುದೇ ಇಲ್ಲ. ಈ ಟೆಸ್ಟ್ ಸುಧಾರಿಸಬೇಕು ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ.

ಆದರೆ ಕೌಶಲ ಬಂದರೆ ಸಾವು ನಿಲ್ಲುತ್ತದೆ ಎನ್ನುವುದನ್ನು ನಾನು ನಂಬುವುದಿಲ್ಲ. ನಾರ್ವೆಯಲ್ಲಿ ಹೊಸ ಚಾಲಕರಿಗೆ ಜಾರುವ ರಸ್ತೆಯಲ್ಲಿ ಓಡಿಸುವ ತರಬೇತಿಯನ್ನು ಕಡ್ಡಾಯ ಮಾಡಿದ್ದರು. ಪರಿಣಾಮ ನೋಡಿದಾಗ ಯುವಕರ ಅಪಘಾತ ಕಡಿಮೆ ಆಗುವ ಬದಲು ಜಾಸ್ತಿ ಆಗಿತ್ತು. ಕೈ ಪಳಗಿದೆ ಎನ್ನುವ ಧೈರ್ಯ ಕಾಲನ್ನು ಆಕ್ಸಿಲರೇಟರ್ ಮೇಲೆ ಇನ್ನಷ್ಟು ಒತ್ತಿಸುತ್ತದೆ. ನಾನು ನೋಡಿದ ಜಖಂ ಕಾರುಗಳಲ್ಲಿ ಹೊಸಬರು ಓಡಿಸಿದವು ಎಷ್ಟೋ ಇವೆ, ನಿಜ. ಅಷ್ಟೇ ಸಂಖ್ಯೆಯಲ್ಲಿ "ಇಪ್ಪತ್ತು ವರ್ಷದಿಂದ ಓಡಿಸ್ತಿದ್ದೀನಿ" ಎನ್ನುವವರವೂ ಇವೆ.

ನಾವು ಕೆಟ್ಟ ಡ್ರೈವಿಂಗ್ ಅಂತ ಬೈಯುವ ಎಷ್ಟೋ ಕೆಲಸಕ್ಕೆ ಮೂಲ ರಸ್ತೆಯಲ್ಲೇ ಇದೆ. ಹೆದ್ದಾರಿ ಪಕ್ಕದ ಹಳ್ಳಿಯವರ ಹೊಲ ರಸ್ತೆಯ ಆಚೆ ಬದಿಯಲ್ಲಿದೆ. ಯು ಟರ್ನ್ ಎರಡು ಕಿಲೋಮೀಟರ್ ದೂರ. ಡಿವೈಡರ್ ಮುರಿದ ಜಾಗ ಇನ್ನೂರು ಮೀಟರಿನಲ್ಲೇ ಇದೆ. ಹಾಲಿನ ಕ್ಯಾನ್ ಕಟ್ಟಿಕೊಂಡ ಮೋಟಾರ್ ಸೈಕಲ್ ರಾಂಗ್ ಸೈಡಿನಲ್ಲಿ ಬರುತ್ತದೆ. ಆತ ಮಾಡಿದ್ದು ತಪ್ಪೇ. ಆದರೆ ನಾಳೆಯೂ ಯಾರೋ ಒಬ್ಬರು ಅದನ್ನೇ ಮಾಡುತ್ತಾರೆ. ತಪ್ಪು ಆಗಿಯೇ ಆಗುತ್ತದೆ ಎಂದು ಒಪ್ಪಿಕೊಂಡು ರಸ್ತೆ ಮಾಡಿದ ದೇಶ ಸ್ವೀಡನ್. 1997ರಲ್ಲಿ ಅಲ್ಲಿನ ಸಂಸತ್ತು ಈ ನೀತಿಯನ್ನು ಒಪ್ಪಿತು. ಅದರ ಹಿಂದಿನ ಲೆಕ್ಕ ಸರಳ. ಜನ ನಡೆಯುವ, ಗಾಡಿ ಓಡುವ ಜಾಗ ಒಂದೇ ಆದರೆ 30 ಕಿ.ಮೀ. ಗಾಡಿಗಳು ಅಡ್ಡ ಬರುವ ವೃತ್ತವಾದರೆ 50. ಎದುರುಬದುರು ಬರುವ ರಸ್ತೆಯಲ್ಲಿ ಡಿವೈಡರ್ ಇಲ್ಲದಿದ್ದರೆ 70. ಅದಕ್ಕಿಂತ ಜಾಸ್ತಿ ಬೇಕೆಂದರೆ ಅಡ್ಡ ಬರುವುದೂ ಎದುರು ಬರುವುದೂ ಸಾಧ್ಯವೇ ಆಗದ ಹಾಗೆ ರಸ್ತೆ ಕಟ್ಟಬೇಕು. ಮನುಷ್ಯನ ಮೈ ಎಷ್ಟು ಹೊಡೆತ ತಡೆಯುತ್ತದೆ ಎನ್ನುವುದರಿಂದ ಬಂದ ಮಿತಿಗಳು ಇವು. ಜರ್ಮನಿಯ ಆಟೊಬಾನ್ ಉದಾಹರಣೆ ಕೊಡುವವರಿಗೂ ಉತ್ತರ ಇಲ್ಲೇ ಇದೆ. ಅಲ್ಲಿ ಹಾಲಿನ ಕ್ಯಾನ್ ರಸ್ತೆಗೆ ಬರುವುದಿಲ್ಲ. ಗಂಟೆಗೆ 60 ಕಿ.ಮೀ. ಮೀರಿ ಓಡಲಾರದ ಗಾಡಿಗೆ ಆ ರಸ್ತೆಗೆ ಪ್ರವೇಶವೇ ಇಲ್ಲ.

ನಮ್ಮದೇ ಉದಾಹರಣೆ ಬೆಂಗಳೂರು–ಮೈಸೂರು ಹೆದ್ದಾರಿ. 119 ಕಿ.ಮೀ. ರಸ್ತೆ, 2023ರ ಮಾರ್ಚ್ 12ರಂದು ಉದ್ಘಾಟನೆ ಆಯಿತು. ಆ ವರ್ಷ ಅಲ್ಲಿ 188 ಜನ ಸತ್ತರು. ಪೊಲೀಸರು ರಾಡಾರ್ ಗನ್ ಹಿಡಿದು ನಿಂತರು. ಕಾರಿಗೆ 100ರ ಮಿತಿ ಜಾರಿಗೆ ಬಂತು. 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ರಸ್ತೆಯಿಂದ ಸರ್ವಿಸ್ ರಸ್ತೆಗೆ ಇಳಿಸಿದರು. ಆಮೇಲೆ ಉದ್ದಕ್ಕೂ ಕ್ಯಾಮೆರಾ ಬಂತು. 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ ಎಲ್ಲೇ ಆಗಲಿ 130 ಮೀರಿದರೆ ಎಫ್‌ಐಆರ್ ಎಂದರು. 2024ರಲ್ಲಿ ಆ ರಸ್ತೆಯ ಸಾವು ಹಿಂದಿನ ವರ್ಷದ ಮೂರನೇ ಒಂದು ಭಾಗಕ್ಕೂ ಕಡಿಮೆ ಆಯಿತು. ಬರೀ ವೇಗದಿಂದಲೇ ಇದಾಯಿತು ಅಂತ ನಾನು ಹೇಳುವುದಿಲ್ಲ. ಬೈಕುಗಳು ಇಳಿದದ್ದರ ಪಾಲು ದೊಡ್ಡದು. ಆದರೆ ಒಂದನ್ನು ಗಮನಿಸಿ. ಆ ಒಂದು ವರ್ಷದಲ್ಲಿ ಯಾರೂ ಚಾಲಕರಿಗೆ ಹೊಸದಾಗಿ ಪಾಠ ಮಾಡಲಿಲ್ಲ. ಅದೇ ಜನ, ಅದೇ ಡಿಎಲ್, ಅದೇ ಚಾಳಿ. ಬದಲಾದದ್ದು ವೇಗ, ಮತ್ತು ಬೇರೆ ಬೇರೆ ವೇಗದ ಗಾಡಿಗಳು ಒಂದೇ ಕಡೆ ಬೆರೆಯುವುದು. ಮನೆಗೆ ವಾಪಸು ಬಂದವರು ಇದ್ದಾರಲ್ಲ, ಅವರಿಗೆ ತಾವು ಉಳಿದದ್ದು ಗೊತ್ತೂ ಇಲ್ಲ.

ಮಿತಿಯೊಳಗಿನ ವೇಗವೂ ಕೊಲ್ಲುತ್ತದೆ ಎನ್ನುವುದನ್ನು ಹೇಳದಿದ್ದರೆ ಈ ಲೆಕ್ಕ ಅರ್ಧ ಆಗುತ್ತದೆ. ಕಬ್ಬಿನ ಕಾಲದಲ್ಲಿ ಮಂಡ್ಯ, ಬೆಳಗಾವಿ ಕಡೆ ರಾತ್ರಿ ಓಡಿಸಿದವರಿಗೆ ಗೊತ್ತು. ಮುಂದೆ ರಸ್ತೆಯಲ್ಲೇ ಕಬ್ಬಿನ ಟ್ರ್ಯಾಕ್ಟರ್ ನಿಂತಿರುತ್ತದೆ. ಟ್ರೈಲರ್ ಹಿಂದೆ ಲೈಟಿಲ್ಲ, ರಿಫ್ಲೆಕ್ಟರ್ ಇದ್ದರೂ ಕಬ್ಬಿನ ಗರಿ ಮುಚ್ಚಿರುತ್ತದೆ. ಎದುರಿನ ಗಾಡಿಗಾಗಿ ನೀವು ಡಿಮ್ ಮಾಡಿದ್ದೀರಿ. ಡಿಮ್ ಲೈಟಿನಲ್ಲಿ ಕತ್ತಲೆಯ ವಸ್ತು ಸುಮಾರು 50 ಮೀಟರ್ ಹತ್ತಿರ ಬಂದಾಗ ಕಾಣುತ್ತದೆ. 80ರಲ್ಲಿ ಬರುವ ಕಾರು ನಿಲ್ಲಲು ಸುಮಾರು 69 ಮೀಟರ್ ಬೇಕು. ಅಂದರೆ ನೀವು ಎಷ್ಟೇ ಒಳ್ಳೆಯ ಡ್ರೈವರ್ ಆಗಿದ್ದರೂ, ಕಾನೂನು ಮೀರದಿದ್ದರೂ, ಆ ಟ್ರೈಲರ್‌ಗೆ ಬಡಿಯುತ್ತೀರಿ. 60ಕ್ಕೆ ಇಳಿಸಿದರೆ 45 ಮೀಟರ್ ಸಾಕು. ಟ್ರ್ಯಾಕ್ಟರಿನವರಿಗೆ ರಿಫ್ಲೆಕ್ಟರ್ ಪಟ್ಟಿ ಅಂಟಿಸಿ ಅಂತ ಹೇಳಿ ಹೇಳಿ ನಮಗೆ ಸಾಕಾಗಿದೆ. ಇನ್ನೂ ಹೇಳುತ್ತೇವೆ. ಅಷ್ಟರವರೆಗೆ ಡಿಮ್ ಲೈಟಿನಲ್ಲಿ 60 ಮೀರಬೇಡಿ.

ಲಾರಿ, ಟಿಪ್ಪರ್‌ಗಳದು ನನಗೆ ತುಂಬಾ ನೋವಿನ ವಿಷಯ. ಗೊತ್ತುಮಾಡಿದ ಮಿತಿ ಮೀರಿ ವೇಗ ಏರದ ಹಾಗೆ ತಡೆಯುವ ಸ್ಪೀಡ್ ಗವರ್ನರ್ ಕಡ್ಡಾಯ. ಸಾಮಾನ್ಯ ಸರಕು ಲಾರಿಗೆ 80, ಟಿಪ್ಪರ್, ಟ್ಯಾಂಕರ್, ಶಾಲಾ ಬಸ್ಸಿಗೆ 60. ಎಫ್‌ಸಿಗೆ, ಅಂದರೆ ಗಾಡಿ ಓಡಲು ಯೋಗ್ಯ ಎನ್ನುವ ಪ್ರಮಾಣಪತ್ರಕ್ಕೆ ಬಂದಾಗ ಗವರ್ನರ್ ಇರುತ್ತದೆ, ಸೀಲ್ ಇರುತ್ತದೆ, ಸರ್ಟಿಫಿಕೇಟೂ ಇರುತ್ತದೆ. ಅಪಘಾತ ಆದ ಮೇಲೆ ಅದೇ ಗಾಡಿಯ ಬಾನೆಟ್ ಎತ್ತಿದರೆ ವೈರ್ ಕಿತ್ತು ಸುತ್ತಿಟ್ಟಿರುತ್ತಾರೆ. ಇದು ಓಡಿಸಲು ಬಾರದವರ ಕೆಲಸ ಅಲ್ಲ. ಟ್ರಿಪ್ಪಿನ ಲೆಕ್ಕದಲ್ಲಿ ಸಂಬಳ ಕೊಡುವ ಮಾಲೀಕ, ಅದಕ್ಕೆ ಒಪ್ಪಿಕೊಂಡ ಚಾಲಕ, ರಸ್ತೆಯಲ್ಲಿ ತಪಾಸಣೆ ಮಾಡದ ನಾವು, ಮೂವರೂ ಸೇರಿ ಮಾಡುವ ಕೆಲಸ.

ವೇಗವನ್ನು ಅಳೆಯುವುದಕ್ಕೆ ಈಗ ದಾರಿ ಇಲ್ಲ ಎನ್ನುವ ಹಾಗೂ ಇಲ್ಲ. ಏರ್‌ಬ್ಯಾಗ್ ಬಿಚ್ಚಿಕೊಂಡ ಹಲವು ಕಾರುಗಳ ಕಂಪ್ಯೂಟರಿನಲ್ಲಿ ಡಿಕ್ಕಿಗೆ ಮುಂಚಿನ ಕೆಲವು ಸೆಕೆಂಡುಗಳ ವೇಗ, ಬ್ರೇಕ್ ಒತ್ತಿದ್ದು ಎರಡೂ ದಾಖಲಾಗಿರುತ್ತದೆ. ಬಸ್ಸು, ಟ್ಯಾಕ್ಸಿಗಳಲ್ಲಿ ಕಡ್ಡಾಯವಾಗಿರುವ ಟ್ರ್ಯಾಕಿಂಗ್ ಸಾಧನದಿಂದಲೂ ವೇಗ ಸಿಗುತ್ತದೆ. ಹೆದ್ದಾರಿಯ ಕ್ಯಾಮೆರಾ ಇದ್ದೇ ಇದೆ. ಪ್ರಾಣಾಂತಿಕ ಅಪಘಾತದ ತನಿಖೆಯಲ್ಲಿ ಇವುಗಳನ್ನು ತೆಗೆಸುವುದನ್ನು ಕಡ್ಡಾಯ ಮಾಡಬೇಕು. ನಮ್ಮ ವರದಿಯ ನಮೂನೆಗೆ ಎರಡು ಸಾಲು ಸೇರಿಸಬೇಕು: ಡಿಕ್ಕಿಗೆ ಮುಂಚೆ ಅಳೆದ ವೇಗ ಎಷ್ಟು, ಆ ಜಾಗದ ಮಿತಿ ಎಷ್ಟು. ಅಳೆಯಲು ಆಗದಿದ್ದರೆ "ಅಳೆದಿಲ್ಲ" ಅಂತಲೇ ಬರೆಯಲಿ. ಆಗ ಯಾವ ಊರಿನ ಯಾವ ತಿರುವಿನಲ್ಲಿ ಮಿತಿ ಇಳಿಸಬೇಕು, ಎಲ್ಲಿ ಡಿವೈಡರ್ ಮುಚ್ಚಬೇಕು, ಎಲ್ಲಿ ಯು ಟರ್ನನ್ನು ಹಳ್ಳಿಯ ಹತ್ತಿರಕ್ಕೆ ತರಬೇಕು ಎನ್ನುವುದನ್ನು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಮುಂದೆ ಅಂದಾಜಿನಲ್ಲಿ ವಾದ ಮಾಡುವ ಬದಲು ಕಾಗದ ಇಟ್ಟು ಕೇಳಬಹುದು.