ಹನ್ನೊಂದು ದಿನ ಪ್ರಾರ್ಥನೆ ಮಾಡಿದ್ರು, ಅಪ್ಪ ಉಳಿಲಿಲ್ಲ

ನಾನು ನ್ಯೂಜೆರ್ಸಿಯ ಒಂದು ಆಸ್ಪತ್ರೇಲಿ ಚಾಪ್ಲೇನ್ ಆಗಿ ಕೆಲಸ ಮಾಡ್ತೀನಿ, ಅಂದ್ರೆ ರೋಗಿಗಳ ಹತ್ರ, ಅವರ ಮನೆಯವರ ಹತ್ರ ಕೂತ್ಕೊಂಡು, ಅವರು ಯಾವ ಧರ್ಮದವರೋ ಆ ಧರ್ಮದ ಮಾತಲ್ಲೇ ಅವರ ಜೊತೆಗಿರೋ ಕೆಲಸ. ಹುಟ್ಟಿ ಬೆಳೆದಿದ್ದು ಮೈಸೂರು. ನಮ್ಮ ಆಸ್ಪತ್ರೆ ಸುತ್ತ ಯಹೂದಿ ಕುಟುಂಬಗಳು ಜಾಸ್ತಿ ಇರೋದ್ರಿಂದ ಇಲ್ಲಿನ ರಬ್ಬಿ, ಅಂದ್ರೆ ಯಹೂದಿ ಧರ್ಮಗುರು, ಅವರ ಹತ್ರ ಕೂತು ಹದಿನಾಲ್ಕು ವರ್ಷದಿಂದ ಅವರ ಪ್ರಾರ್ಥನೆ ಪುಸ್ತಕ, ಅವರ ಹಳೇ ಪಂಡಿತರ ಚರ್ಚೆಗಳ ಗ್ರಂಥ ತಾಲ್ಮುಡ್ ಇದನ್ನೆಲ್ಲಾ ಸ್ವಲ್ಪ ಸ್ವಲ್ಪವೇ ಕಲಿತಾ ಬಂದಿದ್ದೀನಿ.

ಹೋದ ಚಳಿಗಾಲದಲ್ಲಿ ಐಸಿಯುನಲ್ಲಿ ಎಂಬತ್ತು ದಾಟಿದ ಒಬ್ಬರು ಯಹೂದಿ ತಾತ ಇದ್ರು. ಅವರ ಮಗಳು ದಿನಕ್ಕೆ ಮೂರು ಸಲ ಕಿಟಕಿ ಹತ್ರ ಪೂರ್ವಕ್ಕೆ ಮುಖ ಮಾಡಿ, ಅಂದ್ರೆ ಜೆರೂಸಲೆಮ್ ದಿಕ್ಕಿಗೆ, ಎರಡೂ ಪಾದ ಜೋಡಿಸಿ ನಿಂತು ತುಟಿ ಮಾತ್ರ ಅಲ್ಲಾಡಿಸ್ತಾ ಪ್ರಾರ್ಥನೆ ಮಾಡೋರು. ಮುಗಿಸಿ ಬೆಡ್ ಹತ್ರ ಬಂದು, ಬೈಬಲ್‌ನ ಕೀರ್ತನೆಗಳನ್ನ ಓದೋಕೆ ಮುಂಚೆ ಅಪ್ಪನ ಹೆಸರನ್ನ ಅವರ ಕಿವಿ ಹತ್ರ ಗಟ್ಟಿಯಾಗಿ ಹೇಳೋರು. ಕಾಯಿಲೆಯವರಿಗೋಸ್ಕರ ಪ್ರಾರ್ಥಿಸುವಾಗ ಯಹೂದಿಗಳು ಸಾಮಾನ್ಯವಾಗಿ ತಂದೆ ಹೆಸರು ಸೇರಿಸಲ್ಲ, ತಾಯಿ ಹೆಸರು ಸೇರಿಸ್ತಾರೆ, ಇಂಥಾ ತಾಯಿಯ ಮಗ ಇಂಥವನು ಅಂತ. ಹನ್ನೊಂದನೇ ದಿನ ಬೆಳಗಿನ ಜಾವ ತಾತ ಹೋಗ್ಬಿಟ್ರು.

ಆ ಶಿಫ್ಟಲ್ಲಿದ್ದ ನರ್ಸ್ ನಮ್ಮ ಉಡುಪಿ ಕಡೆ ಹುಡುಗಿ. ಲಿಫ್ಟಲ್ಲಿ ಸಿಕ್ಕಿದವಳು "ಎಂತ ಅಕ್ಕಾ, ಅಷ್ಟು ದಿವಸ ಪ್ರಾರ್ಥನೆ ಮಾಡಿದ್ರಲ್ಲ, ದೇವರು ಕೇಳ್ಲೇ ಇಲ್ಲ ಅಲ್ವಾ, ಎಲ್ಲ ವೇಸ್ಟ್ ಆಯ್ತು" ಅಂದ್ಲು. ಕಣ್ಣಲ್ಲಿ ನೀರಿತ್ತು. ನಾನು ಆವತ್ತು ಏನೂ ಹೇಳ್ಲಿಲ್ಲ, ಆದ್ರೆ ಅವಳ ಪ್ರಶ್ನೆ ನನ್ನ ಜೊತೆಗೇ ಉಳ್ಕೊಂಡ್ತು, ಅದಕ್ಕೇ ಇದನ್ನ ಬರೀತಾ ಇದೀನಿ.

ಮೊದಲು ಆ 'ಕೇಳೋದು' ಅನ್ನೋ ಪದ ನೋಡಿ. ಕನ್ನಡದಲ್ಲಿ ಬೇಡೋದೂ ಕೇಳೋದೇ, ಕಿವಿಗೊಡೋದೂ ಕೇಳೋದೇ, ನಾವು ಕೇಳಿದ್ದು ಸಿಗದೇ ಹೋದ್ರೆ ದೇವರು ಕೇಳ್ಲಿಲ್ಲ ಅಂತ ಒಂದೇ ಉಸಿರಲ್ಲಿ ಅಂದ್ಬಿಡ್ತೀವಿ. ಆ ಮಗಳು ನಿಂತು ಹೇಳ್ತಿದ್ದ ಪ್ರಾರ್ಥನೆ ಹೆಸರು ಅಮಿದಾ, ವಾರದ ದಿನಗಳಲ್ಲಿ ಅದರಲ್ಲಿ 19 ಭಾಗ ಇರತ್ತೆ, ಎಂಟನೇದು ಕಾಯಿಲೆ ವಾಸಿ ಮಾಡಪ್ಪಾ ಅನ್ನೋದು, ಹದಿನಾರನೇದು ಮುಗಿಯೋದು 'ಶೋಮೇಆ ತೆಫಿಲಾ' ಅಂತ, ಪ್ರಾರ್ಥನೆಯನ್ನ ಕೇಳಿಸಿಕೊಳ್ಳುವವನೇ ಅಂತ ಅರ್ಥ. ಹೀಬ್ರೂನಲ್ಲೂ ಆ ಪದಕ್ಕೆ ಓಗೊಡೋದು ಅನ್ನೋ ಛಾಯೆ ಇದೆ ನಿಜ, ಆದ್ರೂ ಕೇಳಿದ್ದನ್ನ ನಡೆಸಿಕೊಡುವವನೇ ಅಂತ ಅಲ್ಲಿ ಬರೆದಿಲ್ಲ ಅಂತ ನಮ್ಮ ರಬ್ಬಿ ಬೆರಳಿಟ್ಟು ತೋರಿಸಿದ್ರು.

ಹಾಗಂತ ಯಾವ ಪ್ರಾರ್ಥನೆಯೂ ವೇಸ್ಟ್ ಅಲ್ಲ ಅಂತ ಯಹೂದಿ ಪಂಡಿತರು ಹೇಳಲ್ಲ, ಇದು ನನಗೆ ಮೊದಲ ಸಲ ಓದಿದಾಗ ಆಶ್ಚರ್ಯ ಆಗಿತ್ತು. ಕ್ರಿ.ಶ. 200ರ ಹೊತ್ತಿಗೆ ಸಂಗ್ರಹ ಆದ ಮಿಶ್ನಾ ಅನ್ನೋ ಯಹೂದಿ ನಿಯಮಗಳ ಗ್ರಂಥದಲ್ಲಿ 'ವ್ಯರ್ಥ ಪ್ರಾರ್ಥನೆ' ಅಂತಾನೇ ಒಂದಿದೆ. ಒಬ್ಬ ಪ್ರಯಾಣ ಮುಗಿಸಿ ಊರಿಗೆ ವಾಪಸ್ ಬರ್ತಿದ್ದಾನೆ, ಊರೊಳಗಿಂದ ಕಿರುಚಾಟ ಕೇಳಿಸ್ತು, ದೇವರೇ ಇದು ನಮ್ಮನೆಯವರದ್ದು ಆಗದೇ ಇರಲಿ ಅಂತ ಬೇಡ್ಕೊಂಡ, ಇದು ವ್ಯರ್ಥ. ಯಾಕಂದ್ರೆ ಆಗಿದ್ದು ಆಗಿಹೋಗಿದೆ, ಯಾರ ಮನೆ ಅನ್ನೋದು ಆಗಲೇ ತೀರ್ಮಾನ ಆಗಿದೆ. ಗಮನಿಸಿ, ಅವರು ವ್ಯರ್ಥ ಅಂದಿದ್ದು ಉತ್ತರ ಸಿಗದ ಪ್ರಾರ್ಥನೆಗಲ್ಲ, ಆಗಿಹೋಗಿದ್ದನ್ನ ತಿರುಗಿಸು ಅನ್ನೋ ಪ್ರಾರ್ಥನೆಗೆ. ನನ್ನ ಕೆಲಸದಲ್ಲಿ ಇದು ವಾರಕ್ಕೊಂದು ಸಲ ಎದುರಾಗತ್ತೆ, ಬಯಾಪ್ಸಿ ರಿಪೋರ್ಟ್ ಬರೋ ಹಿಂದಿನ ರಾತ್ರಿ ಮನೆಯವರೆಲ್ಲ ಅದು ಕ್ಯಾನ್ಸರ್ ಆಗಿರಬಾರದು ಅಂತ ಬೇಡ್ಕೋತಿರ್ತಾರೆ, ಆ ಗಡ್ಡೆ ಏನು ಅನ್ನೋದು ಆಗಲೇ ಲ್ಯಾಬಲ್ಲಿ ಗಾಜಿನ ಮೇಲಿದೆ. ನಮ್ಮ ರಬ್ಬಿ ಯಾರನ್ನೂ ತಡೆಯಲ್ಲ, ಮೆತ್ತಗೆ ಪಕ್ಕದಲ್ಲಿ ಕೂತು, ನಾಳೆ ಡಾಕ್ಟರ್ ಏನೇ ಹೇಳಿದ್ರೂ ಅದನ್ನ ತಡ್ಕೊಳ್ಳೋ ಶಕ್ತಿ ಕೊಡು, ಚಿಕಿತ್ಸೆ ಕೈ ಹಿಡೀಲಿ ಅಂತ ಸೇರಿಸ್ತಾರೆ.

ಹಾಗಾದ್ರೆ ಮುಂದಿನದಕ್ಕೆ ಬೇಡಿ, ಆದ್ರೂ ಸಿಗದೇ ಹೋದ್ರೆ? ಇಲ್ಲಿ ಬೈಬಲ್‌ನ ಮೋಶೆಗಿಂತ ದೊಡ್ಡ ಉದಾಹರಣೆ ಬೇರೆ ಇಲ್ಲ. ನಲವತ್ತು ವರ್ಷ ಮರುಭೂಮೀಲಿ ಜನರನ್ನ ನಡೆಸ್ಕೊಂಡು ಬಂದವನು, ಜೋರ್ಡನ್ ನದಿ ದಾಟಿ, ದೇವರು ಆ ಜನಕ್ಕೆ ಕೊಡ್ತೀನಿ ಅಂದಿದ್ದ ನಾಡಿಗೆ ಒಂದು ಹೆಜ್ಜೆ ಇಡೋಕೆ ಬಿಡು ಅಂತ ಅಂಗಲಾಚಿದ, ಸಾಕು, ಈ ವಿಷಯ ಇನ್ನು ನನ್ನ ಹತ್ರ ಎತ್ತಬೇಡ ಅಂದುಬಿಟ್ಟ ದೇವರು. ಬೆಟ್ಟದ ಮೇಲಿಂದ ನೋಡೋದಷ್ಟೇ ಸಿಕ್ಕಿದ್ದು. 'ಅಂಗಲಾಚಿದೆ' ಅನ್ನೋಕೆ ಅಲ್ಲಿರೋ ಹೀಬ್ರೂ ಪದ 'ವಾಎತ್ಖನನ್'. ಹೀಬ್ರೂನಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಅಂಕಿ ಬೆಲೆ ಇದೆ, ಆ ಪದದ ಅಕ್ಷರ ಕೂಡಿದ್ರೆ 515 ಬರತ್ತೆ, ಅದಕ್ಕೇ ಮೋಶೆ 515 ಸಲ ಪ್ರಾರ್ಥನೆ ಮಾಡಿದ ಅಂತ ಹಳೇ ವ್ಯಾಖ್ಯಾನಕಾರರು ಹೇಳಿದ್ರು. ಪ್ರಾರ್ಥನೆ ಅನ್ನೋಕಿರೋ 'ತೆಫಿಲಾ' ಪದ ಕೂಡಿದ್ರೂ 515! ದೇವರು ಒಪ್ಪದ ಪ್ರಾರ್ಥನೆಯನ್ನ ಹೀಗೆ ಕೂತು ಎಣಿಸಿದ್ದಾರಲ್ಲ, ವೇಸ್ಟ್ ಅನ್ನಿಸಿದ್ದನ್ನ ಯಾರಾದ್ರೂ ಎಣಿಸಿ ಇಟ್ಕೋತಾರಾ? ವರ್ಷಾ ವರ್ಷ ಸಿನಗಾಗ್‌ನಲ್ಲಿ, ಅಂದ್ರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಈ ಭಾಗ ಓದೋದು, ಜೆರೂಸಲೆಮ್ ದೇವಾಲಯ ನಾಶವಾದ ದಿನದ ಉಪವಾಸ ಮುಗಿದ ಮೇಲಿನ ಶನಿವಾರ, ಆ ಶನಿವಾರಕ್ಕೆ 'ಸಾಂತ್ವನದ ಸಬ್ಬತ್' ಅಂತ ಹೆಸರು.

ಬೈಬಲ್‌ನಲ್ಲೇ ಬರೋ ಹನ್ನಳ ಕತೆ ಇನ್ನೂ ಹತ್ತಿರದ್ದು. ಮಕ್ಕಳಿಲ್ಲದವಳು, ಶೀಲೋ ಅನ್ನೋ ಊರಿನ ಗುಡೀಲಿ ತುಟಿ ಅಲ್ಲಾಡಿಸ್ತಾ ಸದ್ದಿಲ್ಲದೆ ಅತ್ತು ಬೇಡ್ಕೊಂಡ್ಲು, ಅಲ್ಲಿದ್ದ ಪೂಜಾರಿ ಏಲಿ ಅವಳು ಕುಡಿದು ಬಂದಿದ್ದಾಳೆ ಅನ್ಕೊಂಡ. ನಾನು ಕಿಟಕಿ ಹತ್ರ ನೋಡಿದ ಆ ತುಟಿಗಳು ಅವಳಿಂದಲೇ ಬಂದಿದ್ದು, ಅಮಿದಾ ಹೇಗೆ ಹೇಳ್ಬೇಕು ಅನ್ನೋದನ್ನ ತಾಲ್ಮುಡ್ ಪಂಡಿತರು ಹನ್ನಳನ್ನ ನೋಡಿ ಕಲಿತ್ರು. ಮುಂದೆ ಅವಳಿಗೆ ಸಮುವೇಲ ಅನ್ನೋ ಮಗ ಹುಟ್ಟಿದ ಅನ್ನೋದು ಎಲ್ಲರಿಗೂ ನೆನಪಿರತ್ತೆ. ಆದ್ರೆ ಗುಡಿಯಿಂದ ಎದ್ದುಹೋಗಿ ಊಟ ಮಾಡಿದ್ಲು, ಅವಳ ಮುಖ ಮತ್ತೆ ಮೊದಲಿನ ಹಾಗೆ ಬಾಡಲಿಲ್ಲ ಅಂತ ಬರೆದಿರೋದು ಅವಳು ಬಸುರಿ ಆಗೋಕೆ ಮುಂಚೆ.

ಇಷ್ಟು ಹೇಳಿ ಪ್ರಾರ್ಥನೆ ಅಂದ್ರೆ ಮನಸ್ಸಿಗೆ ಸಮಾಧಾನ ಅಷ್ಟೇ ಅಂತ ಮುಗಿಸಿದ್ರೆ ಅದು ಸುಳ್ಳಾಗತ್ತೆ. ತಾಲ್ಮುಡ್‌ನ ಬೆರಾಖೋತ್ ಭಾಗದಲ್ಲಿ ಒಂದೇ ಹಾಳೇಲಿ ಎರಡೂ ಇದೆ, ಪ್ರಾರ್ಥಿಸಿ ಫಲಕ್ಕೆ ಕಾಯ್ತಾ ಕೂತವನಿಗೆ ಎದೆನೋವು ತಪ್ಪಿದ್ದಲ್ಲ ಅಂತಾನೂ ಇದೆ, ಉತ್ತರ ಸಿಗದಿದ್ರೆ ಮತ್ತೆ ಪ್ರಾರ್ಥಿಸು ಅಂತಾನೂ ಇದೆ, ದೇವಾಲಯ ಬಿದ್ದ ದಿನದಿಂದ ಪ್ರಾರ್ಥನೆಯ ಬಾಗಿಲು ಮುಚ್ಚಿದೆ, ಕಣ್ಣೀರಿನ ಬಾಗಿಲು ಮುಚ್ಚಿಲ್ಲ ಅನ್ನೋ ಮಾತೂ ಅಲ್ಲೇ ಇದೆ. ನೋವಾಗತ್ತೆ ಅನ್ನೋದನ್ನ ಅವರು ಮುಚ್ಚಿಡಲ್ಲ. ಕಾಯಿಲೆ ಬಂದವರ ಹತ್ರ ಬೈಬಲ್‌ನಲ್ಲಿ ಎಲ್ಲ ಕಳ್ಕೊಂಡು ಕಾಯಿಲೆ ಬಿದ್ದ ಯೋಬನ ಸ್ನೇಹಿತರ ಹಾಗೆ ಕಾರಣ ಹೇಳೋಕೆ ಹೋಗ್ಬೇಡಿ, ಅದು ಮಾತಲ್ಲಿ ಮಾಡೋ ಹಿಂಸೆ ಅಂತ ನಿಯಮಾನೇ ಮಾಡಿದ್ದಾರೆ. ನನ್ನ ಕಳಕಳಿಯ ವಿನಂತಿ ಒಂದೇ, ಆಸ್ಪತ್ರೆಗೆ ನೋಡೋಕೆ ಹೋದಾಗ 'ದೇವರ ಪ್ಲಾನ್ ಬೇರೆ ಇರತ್ತೆ ಬಿಡಿ', 'ನೀವು ಇನ್ನೂ ನಂಬಿಕೆಯಿಂದ ಬೇಡ್ಕೋಬೇಕಿತ್ತು' ಅಂತ ದಯವಿಟ್ಟು ಅನ್ಬೇಡಿ, ಆ ಮಾತು ಕೇಳಿ ಕುಸಿದು ಕೂತವರನ್ನ ನಾನು ಕಾರಿಡಾರಲ್ಲಿ ಎಷ್ಟೋ ಸಲ ನೋಡಿದ್ದೀನಿ.

ತಾತ ಹೋದ ಮೇಲೆ ನಾಲ್ಕನೇ ದಿನ ಅವರ ಮನೆಗೆ ಹೋಗಿದ್ದೆ. ಅವರಲ್ಲಿ ಏಳು ದಿನ ಸೂತಕ, ಕನ್ನಡಿಗಳಿಗೆಲ್ಲ ಬಟ್ಟೆ ಮುಚ್ಚಿದ್ರು, ಮಗಳು ಗಿಡ್ಡ ಸ್ಟೂಲ್ ಮೇಲೆ ಕೂತಿದ್ರು. ಕಳ್ಕೊಂಡವರು ಬಾಯಿ ಬಿಡೋವರೆಗೂ ನೋಡೋಕೆ ಬಂದವರು ಮಾತಾಡಬಾರದು ಅನ್ನೋದು ಪದ್ಧತಿ, ಹತ್ತು ನಿಮಿಷ ಸುಮ್ಮನೆ ಕೂತಿದ್ದೆ. ಆಮೇಲೆ ಅವರೇ ಹೇಳಿದ್ರು, "ನಮ್ಮಜ್ಜಿ ತೀರ್ಕೊಂಡಾಗ ಅಪ್ಪನಿಗೆ ಬರೀ ಆರು ವರ್ಷ. ಆಮೇಲೆ ಮನೇಲಿ ಯಾರೂ ಅಜ್ಜಿ ಹೆಸರು ಎತ್ತುತ್ತಿರಲಿಲ್ಲ. ಈ ಹನ್ನೊಂದು ದಿನ ದಿನಕ್ಕೆ ಮೂರು ಸಲ ಅವರ ಕಿವೀಲಿ ಅವರಮ್ಮನ ಹೆಸರು ಬಿತ್ತು."